ವಯಸ್ಸಾದ ಹೃದಯಕ್ಕೆ ವ್ಯಾಯಾಮ: ನಾನು ಸಿಕ್ಕಿಬಿದ್ದ ಆ ಒಂದು ಜಾಗ

ವಯಸ್ಸಾದಂತೆ ಹೃದಯದ ಒತ್ತುವ ಶಕ್ತಿ ಕುಂದುತ್ತದೆ ಅಂತಲೇ ನಾನು ಅಂದುಕೊಂಡಿದ್ದೆ. ಆದರೆ ಆರೋಗ್ಯವಂತರಲ್ಲಿ, ಸುಮ್ನೆ ಕೂತಿರುವಾಗ, ಇಜೆಕ್ಷನ್ ಫ್ರ್ಯಾಕ್ಷನ್ (ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರಹೋಗುವ ಪಾಲು) ಹೆಚ್ಚುಕಡಿಮೆ ಹಾಗೇ ಇರುತ್ತದೆ. ಕೆಡುವುದು ಸಡಿಲಗೊಂಡು ರಕ್ತ ತುಂಬಿಕೊಳ್ಳುವ ಕೆಲಸ. ಎಡ ಹೃತ್ಕುಕ್ಷಿ, ಅಂದರೆ ದೇಹಕ್ಕೆ ರಕ್ತ ತಳ್ಳುವ ಕೋಣೆ, ಪೆಡಸಾಗುತ್ತದೆ. ಅಷ್ಟೇ ರಕ್ತ ಹಿಡಿಸಬೇಕಾದರೂ ಒಳಗಿನ ಒತ್ತಡ ಜಾಸ್ತಿ ಬೇಕು, ಆ ಒತ್ತಡ ಹಿಂದಕ್ಕೆ ಶ್ವಾಸಕೋಶದವರೆಗೂ ಹೋಗುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುವುದಕ್ಕೆ ಇದೂ ಒಂದು ಕಾರಣ.

ಈಗ ಅಮೆರಿಕದ ಡಲ್ಲಾಸ್‌ನಲ್ಲಿ ನಡೆದ ಒಂದು ಅಧ್ಯಯನ. 1966ರಲ್ಲಿ 20 ವರ್ಷದ ಐವರು ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. 30 ವರ್ಷ ಬಿಟ್ಟು ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂರು ವಾರ ಮಲಗಿದ್ದಕ್ಕೆ ವಿಒ2 ಮ್ಯಾಕ್ಸ್ (ಜೋರು ವ್ಯಾಯಾಮದಲ್ಲಿ ದೇಹ ನಿಮಿಷಕ್ಕೆ ಬಳಸಬಲ್ಲ ಗರಿಷ್ಠ ಆಮ್ಲಜನಕ) ಇಳಿದಷ್ಟು 30 ವರ್ಷ ವಯಸ್ಸಾಗಿದ್ದಕ್ಕೂ ಇಳಿದಿರಲಿಲ್ಲ! ಆಮೇಲೆ ಆರು ತಿಂಗಳ ತರಬೇತಿ ಕೊಟ್ಟರು. ವಿಒ2 ಮ್ಯಾಕ್ಸ್ 20ರ ವಯಸ್ಸಿನಲ್ಲಿ, ಮಲಗುವ ಮೊದಲು, ಇದ್ದ ಮಟ್ಟಕ್ಕೆ ವಾಪಸ್ ಬಂತು. ಆದರೆ ಹೃದಯ ನಿಮಿಷಕ್ಕೆ ಹೊರಹಾಕುವ ಗರಿಷ್ಠ ರಕ್ತ ಏರಲೇ ಇಲ್ಲ.

ನಾನು ಸಿಕ್ಕಿಬಿದ್ದಿದ್ದು ಇಲ್ಲೇ. ಹೃದಯ ಬದಲಾಗದೆ ವಿಒ2 ಏರುವುದು ಹೇಗೆ? ಫಿಕ್ ಸಮೀಕರಣ ಬರೆದು ನೋಡಿ: ವಿಒ2 ಅಂದರೆ ನಿಮಿಷಕ್ಕೆ ಹೊರಬಿದ್ದ ರಕ್ತ ಗುಣಿಸು ಒಂದೊಂದು ಲೀಟರಿನಿಂದ ದೇಹ ಹೀರಿಕೊಂಡ ಆಮ್ಲಜನಕ. ಲೆಕ್ಕಕ್ಕೆ ಅಂತ 20 ಲೀಟರ್ ರಕ್ತ, ಲೀಟರಿಗೆ 150 ಮಿಲಿ ಆಮ್ಲಜನಕ ಅಂದುಕೊಳ್ಳಿ, 3 ಲೀಟರ್ ಆಯಿತು. ರಕ್ತ ಅದೇ 20 ಲೀಟರ್ ಇಟ್ಟು 150ನ್ನು 165 ಮಾಡಿ, 3.3 ಲೀಟರ್! ಹೃದಯವನ್ನು ಮುಟ್ಟಲೇ ಇಲ್ಲ, ಅಲ್ವಾ? ಕಾಲಿನ ಸ್ನಾಯುಗಳು ಜಾಸ್ತಿ ಹೀರಿದವು, ಅಷ್ಟೇ. ಇದನ್ನು ಕೈಯಾರೆ ಗುಣಿಸುವವರೆಗೂ ನನಗೆ ತಲೆಗೆ ಹೋಗಿರಲಿಲ್ಲ.

ಹಾಗಾಗಿ ಹೃದಯದ ಪೆಡಸನ್ನು ಬೇರೆಯಾಗಿಯೇ ಅಳೆಯಬೇಕು. 65 ದಾಟಿದ ಮೇಲೆ ವ್ಯಾಯಾಮ ಶುರುಮಾಡಿದವರಲ್ಲಿ ಒಂದು ವರ್ಷದ ತರಬೇತಿಯಿಂದ ಪೆಡಸು ಕಡಿಮೆಯಾಗಲಿಲ್ಲ. ಆದರೆ 2018ರಲ್ಲಿ ಬಂದ ಅಧ್ಯಯನದಲ್ಲಿ, 45ರಿಂದ 64 ವಯಸ್ಸಿನ, ವ್ಯಾಯಾಮದ ಅಭ್ಯಾಸವಿಲ್ಲದವರು ಎರಡು ವರ್ಷ ತರಬೇತಿ ಪಡೆದಾಗ ಪೆಡಸು ಇಳಿಯಿತು, ವಿಒ2 ಮ್ಯಾಕ್ಸ್ 18% ಏರಿತು. ವಾರಕ್ಕೆ ನಾಲ್ಕೈದು ದಿನ, ಅದರಲ್ಲಿ ಕೆಲವು ದಿನ ನಾಲ್ಕು ನಿಮಿಷ ಜೋರು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸಲ. ಯೋಗ ಮತ್ತು ಸಮತೋಲನದ ಅಭ್ಯಾಸ ಮಾಡಿದ ಗುಂಪಿನಲ್ಲಿ ಪೆಡಸು ಇಳಿಯಲಿಲ್ಲ.

ಪರೀಕ್ಷೆಯಲ್ಲಿ 'ವಿಒ2 ಮ್ಯಾಕ್ಸ್ ಏರಿದೆ, ಆದ್ದರಿಂದ ಹೃದಯ ಮೃದುವಾಗಿದೆ' ಅಂತ ಕೊಟ್ಟರೆ ತಪ್ಪು ಅಂತ ಗುರುತು ಹಾಕಿ, ಪಕ್ಕದಲ್ಲೇ ಫಿಕ್ ಬರೆಯಿರಿ.