ಮಕ್ಕಳಿಗೆ ಮೊದಲು ಬೇಕಾದದ್ದು ಪದಗಳು

ನಾಲ್ಕನೇ ತರಗತಿಯ ಪ್ರಶ್ನೆಪೆಟ್ಟಿಗೆಯಲ್ಲಿ ಒಮ್ಮೆ ನನಗೆ ಸಿಕ್ಕ ಚೀಟಿಯಲ್ಲಿ ಪೆನ್ಸಿಲಿನಿಂದ ಹೀಗೆ ಬರೆದಿತ್ತು: “ಟೀಚರ್, ಅಮ್ಮ ಊಟ ಮಾಡಿದಾಗ ಹೊಟ್ಟೆಯಲ್ಲಿರೋ ಪಾಪು ಮೇಲೆ ಊಟ ಬೀಳಲ್ವಾ?” ಬರೆದ ಮಗುವಿನ ತರ್ಕದಲ್ಲಿ ಯಾವ ತಪ್ಪೂ ಇರಲಿಲ್ಲ. ಉಂಡದ್ದು ಹೋಗುವುದೂ ಹೊಟ್ಟೆಗೇ, ಪಾಪು ಇರುವುದೂ ಹೊಟ್ಟೆಯಲ್ಲೇ ಎಂದು ನಾವೇ ಹೇಳಿಕೊಟ್ಟಿದ್ದೇವೆ. ನಾನು ಹಲಗೆಯ ಮೇಲೆ ಎರಡು ಚೀಲಗಳನ್ನು ಬರೆದು, ಮೇಲಿನದಕ್ಕೆ ಜಠರವೆಂದೂ ಕೆಳಗಿನದಕ್ಕೆ ಗರ್ಭಕೋಶವೆಂದೂ ಹೆಸರು ಬರೆದೆ. ದೊಡ್ಡವರಲ್ಲಿ ಬಸಿರಿಲ್ಲದಾಗ ಗರ್ಭಕೋಶವು ಸುಮಾರು ಒಂದು ಮುಷ್ಟಿಯಷ್ಟಿದ್ದು, ಮಗು ಬೆಳೆದಂತೆ ತಾನೂ ಹಿಗ್ಗುತ್ತದೆ ಎಂದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ತನ್ನ ಮುಷ್ಟಿಯನ್ನು ಹೊಕ್ಕುಳ ಕೆಳಗಿಟ್ಟು ನೋಡಿಕೊಂಡಳು. ಆ ದಿನದ ಪಾಠ ಅಷ್ಟೇ. ಮಗು ಹೊಟ್ಟೆಯೊಳಗೆ ಹೇಗೆ ಬಂತು ಎಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಲಿಲ್ಲ.

ಪ್ರಾಥಮಿಕ ಶಾಲೆಯಲ್ಲಿ ಸಂಬಂಧ, ಆರೋಗ್ಯ ಮತ್ತು ಲೈಂಗಿಕತೆಯ ಶಿಕ್ಷಣವೆಂದಾಗ ಹೆತ್ತವರ ಕಣ್ಣ ಮುಂದೆ ಬರುವ ಚಿತ್ರಕ್ಕೂ ತರಗತಿಯಲ್ಲಿ ನಿಜವಾಗಿ ನಡೆಯುವುದಕ್ಕೂ ಬಹಳ ಅಂತರವಿದೆ. ಈ ವಯಸ್ಸಿನಲ್ಲಿ ನಾವು ಕೊಡುವುದು ಹೆಚ್ಚಾಗಿ ಪದಗಳನ್ನು: ಅಂಗಗಳ ಹೆಸರು, ಭಾವನೆಗಳ ಹೆಸರು, ‘ಬೇಡ’ ಎನ್ನುವ ಬಗೆ, ‘ನನಗೆ ಹೀಗಾಯಿತು’ ಎಂದು ಹೇಳುವ ಬಗೆ. ಯುನೆಸ್ಕೊ 2009ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ 5ರಿಂದ 8 ವರ್ಷದ ಗುಂಪಿನಲ್ಲಿಯೇ ಕುಟುಂಬ, ಗೆಳೆತನಗಳ ಜೊತೆಗೆ ಜನನಾಂಗಗಳ ಹೆಸರನ್ನೂ ಕೆಲಸವನ್ನೂ ಸೇರಿಸಿದೆ. ಇಂಥ ಪಾಠದಿಂದ ಮಕ್ಕಳು ಬೇಗ ಕೆಡುತ್ತಾರೆಂಬ ಭಯಕ್ಕೆ ಅದೇ ಮಾರ್ಗಸೂಚಿ ಅಧ್ಯಯನಗಳನ್ನು ಪರಿಶೀಲಿಸಿ ಉತ್ತರ ಕೊಟ್ಟಿದೆ: ಲೈಂಗಿಕ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ.

ಕನ್ನಡದಲ್ಲಿ ಕಲಿಸುವವರಿಗೆ ಇಲ್ಲೊಂದು ವಿಶೇಷ ಕಷ್ಟವಿದೆ. ಆಡುಮಾತಿನಲ್ಲಿ ಈ ಅಂಗಗಳಿಗಿರುವ ಹೆಸರುಗಳೆಲ್ಲ ಬೈಗುಳಗಳಾಗಿವೆ. ಗ್ರಂಥಭಾಷೆಯ ಶಿಶ್ನ, ವೃಷಣ, ಯೋನಿ ಎಂಬ ಪದಗಳು ಮಕ್ಕಳ ಕಿವಿಗೆ ಅಪರಿಚಿತ. ನಡುವೆ ಉಳಿಯುವುದು ‘ಅಲ್ಲಿ’, ‘ಕೆಳಗೆ’, ‘ಶೇಮ್ ಶೇಮ್’. ಈ ಕೊನೆಯದು ನನ್ನನ್ನು ತುಂಬ ನೋಯಿಸುತ್ತದೆ, ಏಕೆಂದರೆ ಮಗು ತನ್ನ ಅಂಗದ ಹೆಸರನ್ನು ಕಲಿಯುವ ಮೊದಲೇ ಅದು ನಾಚಿಕೆಯ ವಸ್ತುವೆಂದು ಕಲಿತುಬಿಡುತ್ತದೆ. ನಾನು ಗ್ರಂಥಭಾಷೆಯ ಪದಗಳನ್ನೇ ಆರಿಸಿಕೊಂಡಿದ್ದೇನೆ. ಮೊಣಕೈ, ಹುಬ್ಬು, ಹಿಮ್ಮಡಿಗಳ ಸಾಲಿನಲ್ಲಿ ಅದೇ ದನಿಯಲ್ಲಿ ಅವನ್ನೂ ಓದಿಸಿದರೆ ಮೊದಲ ಸಲ ನಗು ಏಳುತ್ತದೆ, ಎರಡನೆಯ ಸಲ ಕಡಿಮೆಯಾಗುತ್ತದೆ, ಮೂರನೆಯ ಸಲ ಯಾರಾದರೂ “ವೃಷಣಕ್ಕೆ ಷಕಾರ ಯಾವುದು ಟೀಚರ್?” ಎಂದು ಕಾಗುಣಿತ ಕೇಳುತ್ತಾರೆ.

ಸಮಯದ ವಿಷಯದಲ್ಲಿ ಶಾಲೆಗಳು ಸಾಮಾನ್ಯವಾಗಿ ತಡಮಾಡುತ್ತವೆ. ಹುಡುಗಿಯರಲ್ಲಿ ಪ್ರೌಢತೆಯ ಮೊದಲ ಲಕ್ಷಣ 8ರಿಂದ 13 ವರ್ಷದ ನಡುವೆ, ಹುಡುಗರಲ್ಲಿ 9ರಿಂದ 14ರ ನಡುವೆ ಕಾಣಿಸಿಕೊಳ್ಳುವುದು ಸಹಜ. ಹುಡುಗಿಯರಲ್ಲಿ ಹೆಚ್ಚಾಗಿ ಸ್ತನಗಳ ಬೆಳವಣಿಗೆ ಮೊದಲಾಗಿ, ಸುಮಾರು ಎರಡರಿಂದ ಎರಡೂವರೆ ವರ್ಷಗಳ ಬಳಿಕ ಮುಟ್ಟು ಆರಂಭವಾಗುತ್ತದೆ. ಹಾಗಿರುವಾಗ ಏಳನೇ ತರಗತಿಯ ಕೊನೆಯಲ್ಲಿ ಹುಡುಗಿಯರನ್ನು ಮಾತ್ರ ಕೋಣೆಯೊಂದಕ್ಕೆ ಕರೆದೊಯ್ದು ಒಂದು ಗಂಟೆ ಮಾತನಾಡುವುದರಿಂದ, ಒಳಉಡುಪಿನಲ್ಲಿ ರಕ್ತ ಕಂಡು ತನಗೇನೋ ದೊಡ್ಡ ಕಾಯಿಲೆ ಬಂದಿದೆಯೆಂದು ಆಗಲೇ ಅತ್ತು ಮುಗಿಸಿದ ಮಗುವಿಗೆ ಏನು ಸಹಾಯವಾದೀತು? ಮೂರನೇ ಅಥವಾ ನಾಲ್ಕನೇ ತರಗತಿಯಲ್ಲಿ, ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ, ಮುಟ್ಟಿನಲ್ಲಿ ಹೋಗುವ ರಕ್ತ ಕೆಲವು ದಿನಗಳಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ಮಾತ್ರ ಎಂದು ಹೇಳಿ, ಅಷ್ಟು ನೀರನ್ನು ಅಳತೆಯ ಲೋಟದಲ್ಲಿ ತೋರಿಸಿದರೆ ಭಯ ತಾನಾಗಿ ಇಳಿಯುತ್ತದೆ. ಹುಡುಗರೂ ಕೇಳಲೇಬೇಕು, ತಿಳಿದ ಹುಡುಗ ಗೆಳತಿಯ ಲಂಗದ ಮೇಲಿನ ಕಲೆಯನ್ನು ನೋಡಿ ನಗುವುದು ಕಡಿಮೆ. ಹುಡುಗರ ಸ್ವಪ್ನಸ್ಖಲನ (ನಿದ್ದೆಯಲ್ಲಿ ವೀರ್ಯ ತಾನಾಗಿ ಹೊರಬರುವುದು), ಒಡೆಯುವ ದನಿ ಇವುಗಳ ಬಗ್ಗೆಯೂ ಅದೇ ತರಗತಿಯಲ್ಲಿ ಮಾತಾಗಬೇಕು. ಆಮೇಲೆ ಪ್ರಶ್ನೆಗಳಿಗಾಗಿ ಬೇರೆ ಬೇರೆ ಸಮಯ ಕೊಟ್ಟರಾಯಿತು.

ಸ್ಪರ್ಶದ ಪಾಠವನ್ನು ‘ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ’ ಎಂದು ಕಲಿಸುವ ರೂಢಿಯನ್ನು ನಾನು ಬಿಟ್ಟು ವರ್ಷಗಳಾದವು. ಚುಚ್ಚುಮದ್ದು ನೋಯುತ್ತದೆ, ಆದರೆ ಅದು ಕೆಟ್ಟದ್ದಲ್ಲ. ಮಗುವನ್ನು ಬಳಸಿಕೊಳ್ಳುವವರ ಸ್ಪರ್ಶವಾದರೋ ಅನೇಕ ಸಲ ಮುದ್ದಿನಿಂದ, ಉಡುಗೊರೆಯಿಂದ, ಆಟದಿಂದ ಶುರುವಾಗುತ್ತದೆ. ಮಗುವಿಗೆ ಅದು ಹಿತವಾಗಿಯೂ ಇರಬಹುದು, ಹಿತವೆನಿಸಿದ್ದಕ್ಕೆ ತಾನೂ ತಪ್ಪಿತಸ್ಥನೆಂದು ಅದು ಬಾಯಿ ಮುಚ್ಚಿಕೊಳ್ಳಬಹುದು. ಆದ್ದರಿಂದ ಅನಿಸಿಕೆಯನ್ನಷ್ಟೇ ನಂಬದೆ ಸ್ಪಷ್ಟ ನಿಯಮ ಕೊಡುತ್ತೇನೆ: ಆರೋಗ್ಯಕ್ಕೋ ಶುಚಿತ್ವಕ್ಕೋ ಅಗತ್ಯವಿಲ್ಲದೆ ನಿನ್ನ ಗುಪ್ತಾಂಗವನ್ನು ಯಾರೂ ಮುಟ್ಟಬಾರದು, ನೋಡಬಾರದು, ಫೋಟೊ ತೆಗೆಯಬಾರದು, ತಮ್ಮದನ್ನು ನಿನಗೆ ತೋರಿಸಬಾರದು, ಅಗತ್ಯವಿದ್ದು ಮುಟ್ಟಿದರೂ ಅದನ್ನು ಗುಟ್ಟಾಗಿ ಇಡು ಎಂದು ಹೇಳಬಾರದು. ಹುಟ್ಟುಹಬ್ಬದ ಉಡುಗೊರೆಯ ಗುಟ್ಟು ಒಂದು ದಿನ ಎಲ್ಲರಿಗೂ ಗೊತ್ತಾಗಲಿಕ್ಕೆಂದೇ ಇರುತ್ತದೆ, ಸ್ಪರ್ಶದ ಗುಟ್ಟು ಹಾಗಲ್ಲ ಎಂಬ ವ್ಯತ್ಯಾಸವನ್ನು ಆರು ವರ್ಷದ ಮಕ್ಕಳೂ ಹಿಡಿಯುತ್ತಾರೆ.

ಹೆತ್ತವರನ್ನು ಪಾಠಕ್ಕೆ ಮೊದಲೇ ಕರೆದು, ಬಳಸುವ ಚಿತ್ರಗಳನ್ನೂ ಪದಗಳನ್ನೂ ಒಂದೂ ಬಿಡದೆ ತೋರಿಸಬೇಕು. ವಿರೋಧಿಸಲೆಂದು ಬಂದವರಲ್ಲಿ ಹಲವರು ಚಿತ್ರಗಳನ್ನು ನೋಡಿದ ಮೇಲೆ, ತಮಗೆ ಇದನ್ನು ಯಾರೂ ಹೇಳಿಕೊಡಲಿಲ್ಲವೆಂದು ಮೆಲ್ಲಗೆ ಹೇಳಿ ಹೋಗಿದ್ದಾರೆ. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರಿನಿಂದ ಸಂಬಂಧಗಳ ಶಿಕ್ಷಣ ಎಲ್ಲ ಪ್ರಾಥಮಿಕ ಶಾಲೆಗಳಲ್ಲೂ ಕಡ್ಡಾಯವಾಗಿದೆ, ಅದರಿಂದ ಮಗುವನ್ನು ಹೊರಗಿಡಲು ಹೆತ್ತವರಿಗೆ ಅವಕಾಶವಿಲ್ಲ. ಲೈಂಗಿಕ ಶಿಕ್ಷಣವನ್ನು ಶಾಲೆ ಕಲಿಸಿದರೆ, ವಿಜ್ಞಾನದ ಪಠ್ಯದಲ್ಲಿರುವ ಭಾಗವನ್ನು ಬಿಟ್ಟು ಉಳಿದುದರಿಂದ ಹೊರಗಿಡಬಹುದು. ಈ ವಿಂಗಡಣೆ ನನಗೆ ಒಪ್ಪಿಗೆ. ಗೆಳೆತನ, ಗೌರವ, ಸುರಕ್ಷತೆಗಳ ಪಾಠ ಯಾವ ಮಗುವಿಗೂ ತಪ್ಪಬಾರದು.

ಪಾಠ ಮುಗಿದ ಮೇಲೆ ಯಾವುದಾದರೂ ಮಗು ತನಗಾದದ್ದನ್ನು ಹೇಳಲು ತರಗತಿಯಲ್ಲಿ ಹಿಂದೆ ಉಳಿಯುವ ಸಾಧ್ಯತೆ ಯಾವಾಗಲೂ ಇರುತ್ತದೆ, ಶಿಕ್ಷಕರು ಅದಕ್ಕೆ ಸಿದ್ಧರಿರಬೇಕು. “ಯಾರಿಗೂ ಹೇಳಬೇಡಿ ಟೀಚರ್” ಎಂದು ಅದು ಕೇಳಿಕೊಂಡರೆ ಹೂಂ ಎನ್ನುವಂತಿಲ್ಲ. ನಿನ್ನನ್ನು ಕಾಪಾಡಲು ಬೇಕಾದವರಿಗೆ ಮಾತ್ರ ಹೇಳುತ್ತೇನೆ ಎನ್ನಬೇಕು. ಯಾರು, ಎಲ್ಲಿ, ಎಷ್ಟು ಸಲ ಎಂದು ಪೊಲೀಸರಂತೆ ಕೆದಕಬಾರದು, ಉತ್ತರವನ್ನು ಬಾಯಿಗೆ ತುರುಕಬಾರದು. ಮಗು ಆಡಿದ ಮಾತನ್ನು ತಿದ್ದದೆ, ಅದರ ಪದಗಳಲ್ಲಿಯೇ, ಅಂದೇ ಬರೆದು ಹೊಣೆಗಾರರಿಗೆ ತಲುಪಿಸಬೇಕು. ಆ ಹಾಳೆಯಲ್ಲಿ ‘ಅಲ್ಲಿ ಮುಟ್ಟಿದರು’ ಎಂದಷ್ಟೇ ಇದ್ದರೆ ಮುಂದೆ ಬರುವ ಪ್ರತಿಯೊಬ್ಬರೂ ‘ಅಲ್ಲಿ’ ಎಂದರೆ ಎಲ್ಲಿ ಎಂದು ಮಗುವನ್ನು ಮತ್ತೆ ಮತ್ತೆ ಕೇಳುತ್ತಾರೆ. ಅಂಗದ ಹೆಸರು ಗೊತ್ತಿದ್ದ ಮಗುವಿಗೆ ಆ ಒಂದು ಪ್ರಶ್ನೆಯಾದರೂ ತಪ್ಪುತ್ತದೆ.