ಬಾರದ ಲಾಭಕ್ಕೆ ತೆರಿಗೆ: ಏಂಜೆಲ್ ಟ್ಯಾಕ್ಸ್ ನಡೆದು ಬಂದ ದಾರಿ

ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆಯ ಬಾಡಿಗೆ ಕೋಣೆಯೊಂದರಲ್ಲಿ ಇಬ್ಬರು ಗೆಳೆಯರು ಸಾಫ್ಟ್‌ವೇರ್ ಕಂಪನಿ ಕಟ್ಟುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಅವರ ಕೆಲಸವನ್ನು ನಂಬಿದ ಹೂಡಿಕೆದಾರರೊಬ್ಬರು ₹10 ಮುಖಬೆಲೆಯ 10,000 ಷೇರುಗಳನ್ನು ತಲಾ ₹500ರಂತೆ ಕೊಂಡು ₹50 ಲಕ್ಷ ಕೊಡುತ್ತಾರೆ. ಆ ಹಣ ಸಂಬಳಕ್ಕೆ, ಸರ್ವರ್ ಬಾಡಿಗೆಗೆ ಕರಗುತ್ತದೆ. ಎರಡು ಮೂರು ವರ್ಷ ಕಳೆದ ಮೇಲೆ ಆದಾಯ ತೆರಿಗೆ ಇಲಾಖೆಯ ಆದೇಶ ಬರುತ್ತದೆ: ಷೇರಿನ ನ್ಯಾಯಯುತ ಬೆಲೆ ₹100 ಮಾತ್ರ, ಹೆಚ್ಚಾಗಿ ಪಡೆದ ₹40 ಲಕ್ಷ ಕಂಪನಿಯ ಆದಾಯ, ಅದರ ಮೇಲೆ ಸುಮಾರು ₹12 ಲಕ್ಷ ತೆರಿಗೆ ಕಟ್ಟಬೇಕು. ಒಂದು ರೂಪಾಯಿ ಲಾಭವನ್ನೂ ಕಾಣದ ಕಂಪನಿಗೆ ಬರುತ್ತಿದ್ದ ಈ ಬೇಡಿಕೆಯೇ ಏಂಜೆಲ್ ಟ್ಯಾಕ್ಸ್.

ಕಾಯ್ದೆಯಲ್ಲಿ ಈ ಹೆಸರಿರಲಿಲ್ಲ; ಹೊಸ ಕಂಪನಿಗೆ ಆರಂಭದಲ್ಲೇ ಹಣ ಹಾಕುವ ‘ಏಂಜೆಲ್’ ಹೂಡಿಕೆದಾರರಿಂದ ಅದು ಬಂತು. 2012ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಪ್ರಣವ್ ಮುಖರ್ಜಿ ಅವರು ಆದಾಯ ತೆರಿಗೆ ಕಾಯ್ದೆಯ 56ನೇ ಸೆಕ್ಷನ್‌ಗೆ ಸೇರಿಸಿದ ಉಪಕಲಮು ಇದು. ಕಾಗದದ ಮೇಲಷ್ಟೇ ಇರುವ ಕಂಪನಿಗಳ ಷೇರನ್ನು ವಿಪರೀತ ಬೆಲೆಗೆ ಕೊಂಡಂತೆ ತೋರಿಸಿ ಕಪ್ಪುಹಣವನ್ನು ಬಿಳಿ ಮಾಡುತ್ತಿದ್ದವರನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ಆ ಉದ್ದೇಶವನ್ನು ತಪ್ಪೆನ್ನಲಾಗದು. ಆದರೆ ಅಂಥ ಕಂಪನಿಗೂ ನಿಜವಾದ ನವೋದ್ಯಮಕ್ಕೂ ಈ ಉಪಕಲಮು ವ್ಯತ್ಯಾಸ ಮಾಡಲಿಲ್ಲ. ವಿದೇಶಿ ಹೂಡಿಕೆ ಮತ್ತು ನೋಂದಾಯಿತ ವೆಂಚರ್ ಕ್ಯಾಪಿಟಲ್ ನಿಧಿಗಳು (ಹಲವರ ಹಣ ಕೂಡಿಸಿ ಹೊಸ ಕಂಪನಿಗಳಲ್ಲಿ ಹೂಡುವ ನಿಧಿಗಳು) ಇದರ ವ್ಯಾಪ್ತಿಗೆ ಬಾರದ ಕಾರಣ, ಸಿಂಗಪುರದಿಂದ ಬಂದ ಹಣಕ್ಕಿಲ್ಲದ ಅನುಮಾನ ಜಯನಗರದ ಹೂಡಿಕೆದಾರರ ಹಣಕ್ಕೆ ತಗುಲಿತು.

ತೊಡಕಿನ ಬೇರು ಇದ್ದದ್ದು ಬೆಲೆ ಕಟ್ಟುವ ಕ್ರಮದಲ್ಲಿ. ಹೊಸ ಕಂಪನಿಗೆ ಜಮೀನಿಲ್ಲ, ಯಂತ್ರಗಳಿಲ್ಲ; ಮುಂದಿನ ವರ್ಷಗಳಲ್ಲಿ ಬರಬಹುದಾದ ಹಣವನ್ನು ಅಂದಾಜಿಸಿ, ಅದನ್ನು ಇಂದಿನ ಮೌಲ್ಯಕ್ಕೆ ಇಳಿಸಿ ಷೇರಿನ ಬೆಲೆ ನಿರ್ಧರಿಸುವುದು ರೂಢಿ. ಷೇರಿನ ನ್ಯಾಯಯುತ ಬೆಲೆ ಲೆಕ್ಕಹಾಕುವ ಬಗೆಯನ್ನು ಹೇಳುವ ಆದಾಯ ತೆರಿಗೆ ನಿಯಮ 11ಯುಎ ಇದಕ್ಕೆ ಅವಕಾಶವನ್ನೂ ಕೊಟ್ಟಿತ್ತು. ಆದರೆ ಅಧಿಕಾರಿಗಳು ವರ್ಷಗಳ ನಂತರ ಆ ಅಂದಾಜಿನ ಪಕ್ಕದಲ್ಲಿ ನಿಜವಾದ ವಹಿವಾಟಿನ ಲೆಕ್ಕವನ್ನಿಟ್ಟು, ಎರಡೂ ತಾಳೆಯಾಗದಿದ್ದರೆ ಅಂದಾಜನ್ನೇ ತಳ್ಳಿಹಾಕುತ್ತಿದ್ದರು. ಎಣಿಸಿದಷ್ಟು ಗ್ರಾಹಕರು ಸಿಗದೆ ಸೋತ ಉದ್ಯಮಿಗೆ ಆ ಸೋಲೇ ತೆರಿಗೆಯ ಕಾರಣವಾಗುತ್ತಿತ್ತು. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವುದು ಇದೇ. ಬೆಲೆ ಕಟ್ಟುವ ವಿಧಾನವನ್ನು ಆರಿಸುವ ಹಕ್ಕು ಕಂಪನಿಯದು, ಅಧಿಕಾರಿ ಅದನ್ನು ಬದಲಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2018ರಲ್ಲಿ ವೊಡಾಫೋನ್ ಎಂ-ಪೆಸಾ ಪ್ರಕರಣದಲ್ಲಿ ಹೇಳಿತು. ಆದರೆ ಮೇಲ್ಮನವಿ ಇತ್ಯರ್ಥವಾಗುವವರೆಗೆ ವಸೂಲಿಗೆ ತಡೆ ಬೇಕಿದ್ದರೆ ಬೇಡಿಕೆಯ 20% ಮೊತ್ತವನ್ನು ಮೊದಲೇ ಕಟ್ಟಬೇಕೆಂಬುದು 2017ರಿಂದ ಇಲಾಖೆಯ ಸಾಮಾನ್ಯ ಕ್ರಮ. ತಿಂಗಳ ಸಂಬಳಕ್ಕೇ ಪರದಾಡುವ ಕಂಪನಿಗೆ ಅದೂ ದೊಡ್ಡ ಮೊತ್ತವೇ.

2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸ್ಟಾರ್ಟ್ಅಪ್ ಇಂಡಿಯಾ ಯೋಜನೆ ಆರಂಭಿಸಿದ ನಂತರವೂ ನೋಟಿಸುಗಳು ನಿಲ್ಲಲಿಲ್ಲ. 2018ರ ಕೊನೆಯ ವೇಳೆಗೆ ಅವು ಹೆಚ್ಚಾಗಿ, ಉದ್ಯಮಿಗಳ ಪ್ರತಿಭಟನೆ ಜೋರಾಯಿತು. 2019ರ ಫೆಬ್ರುವರಿಯಲ್ಲಿ ಸರ್ಕಾರ ಮಾನ್ಯತೆ ಪಡೆದ ನವೋದ್ಯಮಗಳಿಗೆ, ಷೇರು ಬಂಡವಾಳ ಮತ್ತು ಪ್ರೀಮಿಯಂ (ಮುಖಬೆಲೆಗಿಂತ ಹೆಚ್ಚಾಗಿ ಪಡೆದ ಹಣ) ಸೇರಿ ₹25 ಕೋಟಿಯವರೆಗೆ ವಿನಾಯಿತಿ ನೀಡಿತು. ಆದರೆ ವಿನಾಯಿತಿ ಪಡೆದ ಕಂಪನಿ ಏಳು ವರ್ಷ ಬೇರೆ ಕಂಪನಿಗಳ ಷೇರು ಕೊಳ್ಳುವಂತಿಲ್ಲ, ತನ್ನ ವ್ಯವಹಾರವೇ ಸಾಲ ಕೊಡುವುದಾಗಿದ್ದರ ಹೊರತು ಸಾಲ ಕೊಡುವಂತಿಲ್ಲ ಎಂಬಂಥ ಷರತ್ತುಗಳೂ ಜೊತೆಗಿದ್ದವು.

2023ರಲ್ಲಿ ಸರ್ಕಾರ ಈ ತೆರಿಗೆಯನ್ನು ವಿದೇಶಿ ಹೂಡಿಕೆಗೂ ವಿಸ್ತರಿಸಿತು. ಅಮೆರಿಕ, ಬ್ರಿಟನ್ ಸೇರಿದಂತೆ 21 ದೇಶಗಳ ನಿರ್ದಿಷ್ಟ ಹೂಡಿಕೆದಾರರಿಗೆ ವಿನಾಯಿತಿ ಸಿಕ್ಕಿತಾದರೂ, ಭಾರತಕ್ಕೆ ಭಾರೀ ಬಂಡವಾಳ ಹರಿದು ಬರುವ ಸಿಂಗಪುರ ಮತ್ತು ಮಾರಿಷಸ್ ಆ ಪಟ್ಟಿಯಲ್ಲಿರಲಿಲ್ಲ. ಮರುವರ್ಷವೇ, 2024ರ ಜುಲೈ 23ರಂದು, ನಿರ್ಮಲಾ ಸೀತಾರಾಮನ್ ಅವರು ಎಲ್ಲ ಬಗೆಯ ಹೂಡಿಕೆದಾರರಿಗೂ ಏಂಜೆಲ್ ಟ್ಯಾಕ್ಸ್ ರದ್ದಾಗುವುದೆಂದು ಬಜೆಟ್‌ನಲ್ಲಿ ಪ್ರಕಟಿಸಿದರು.

ಈ ರದ್ದತಿ ಹಿಂದಿನ ವರ್ಷಗಳಿಗೆ ಅನ್ವಯಿಸುವುದಿಲ್ಲ. 2025-26ರ ತೆರಿಗೆ ನಿರ್ಧಾರಣಾ ವರ್ಷದಿಂದ (ಹಿಂದಿನ ಹಣಕಾಸು ವರ್ಷದ ಆದಾಯಕ್ಕೆ ತೆರಿಗೆ ಲೆಕ್ಕಹಾಕುವ ವರ್ಷ) ಹೊಸ ಬೇಡಿಕೆ ಹುಟ್ಟುವುದಿಲ್ಲ, ಆದರೆ ಅದಕ್ಕೂ ಮುಂಚೆ ಹೊರಟ ಆದೇಶಗಳು ಹಾಗೆಯೇ ನಿಂತಿವೆ. ಅವುಗಳಿಗೆ ಸಿಕ್ಕಿದ ಕಂಪನಿಗಳು ತಾವು ಹಿಂದೆಂದೋ ಬರೆದ ಅಂದಾಜು ಪಟ್ಟಿಗಳನ್ನು ಮೇಲ್ಮನವಿಯಲ್ಲಿ ಸಮರ್ಥಿಸಿಕೊಳ್ಳಲೇಬೇಕು.