ಟವರ್ ಒಂದು ರಾತ್ರಿಯ ಕೆಲಸ, ವಾಕಿಟಾಕಿಗಳದ್ದೇ ತಾಪತ್ರಯ

ಆಕಾಶವಾಣಿ ಬೆಂಗಳೂರನ್ನು 612 ಕಿಲೋಹರ್ಟ್ಸ್‌ನಲ್ಲಿ ಹುಡುಕಿ ಹಿಡಿಯುತ್ತ ಬೆಳೆದವನು ನಾನು. ನಿಲಯದ ಫ್ರೀಕ್ವೆನ್ಸಿ ಬದಲಾದರೂ ಕೇಳುಗನಿಗೆ ದೊಡ್ಡ ತೊಂದರೆಯಿಲ್ಲ. ತಿರುಪನ್ನು ಅತ್ತಿತ್ತ ಆಡಿಸಿದರೆ ಪರಿಚಿತ ದನಿ ಎಲ್ಲೋ ಸಿಕ್ಕೇ ಸಿಗುತ್ತದೆ. ಪೊಲೀಸರ ಸೊಂಟದಲ್ಲಿರುವ ವಾಕಿಟಾಕಿಗೆ ಅಂಥ ತಿರುಪಿಲ್ಲ. ಎಲ್ಲಿ ಕೇಳಬೇಕು, ಎಲ್ಲಿ ಮಾತನಾಡಬೇಕು ಎಂಬುದನ್ನೆಲ್ಲ ನಾವು ಲ್ಯಾಪ್‌ಟಾಪ್ ಸಿಕ್ಕಿಸಿ ಮೊದಲೇ ತುಂಬಿರುತ್ತೇವೆ. ಅದು ಹೇಳಿದ ಜಾಗದಲ್ಲಿ ಮಾತ್ರ ಕಿವಿಗೊಡುತ್ತದೆ.

ಅಮೆರಿಕದ 800 ಮೆಗಾಹರ್ಟ್ಸ್ ಮರುಹಂಚಿಕೆಯಲ್ಲಿ, ಅಂದರೆ ಪೊಲೀಸರ ಮತ್ತು ಮೊಬೈಲ್ ಕಂಪನಿಯ ಫ್ರೀಕ್ವೆನ್ಸಿಗಳನ್ನು ಬೇರ್ಪಡಿಸುವ ಕೆಲಸದಲ್ಲಿ, ರೇಡಿಯೊ ಎಂಜಿನಿಯರ್ ಆಗಿ ದುಡಿಯುವಾಗ ಈ ವ್ಯತ್ಯಾಸದ ಬಿಸಿ ನನಗೆ ಚೆನ್ನಾಗಿ ತಟ್ಟಿತು. ಅಲ್ಲಿನ ಸಂವಹನ ನಿಯಂತ್ರಣ ಆಯೋಗ ಆದೇಶ ಹೊರಡಿಸಿದ್ದು 2004ರಲ್ಲಿ. 2005ರ ಜೂನ್‌ನಲ್ಲಿ ಆರಂಭವಾಗಿ ಮೂರು ವರ್ಷದಲ್ಲಿ ಮುಗಿಯಬೇಕಿದ್ದ ಕೆಲಸದ ಕಡತವನ್ನು ಮುಚ್ಚಿದ್ದು 2021ರಲ್ಲಿ. ಮೆಕ್ಸಿಕೊ ಗಡಿಯ ಹಂಚಿಕೆಗೆ ಎರಡೂ ದೇಶಗಳು ಸಹಿ ಹಾಕಿದ್ದೇ 2012ರಲ್ಲಿ ಎಂಬುದು ನಿಜ. ಆದರೆ ಗಡಿಯಿಂದ ಸಾವಿರ ಮೈಲಿ ದೂರದ ಊರುಗಳಲ್ಲೂ ಕೆಲಸ ಎಳೆದಾಡಿತು.

ಬದಲಾವಣೆ ಏಕೆ ಬೇಕಾಯಿತು? ಪೊಲೀಸ್ ಮತ್ತು ಅಗ್ನಿಶಾಮಕ ದಳದ ಚಾನೆಲ್‌ಗಳ ನಡುನಡುವೆಯೇ ನೆಕ್ಸ್‌ಟೆಲ್ ಕಂಪನಿಯ ಮೊಬೈಲ್ ಚಾನೆಲ್‌ಗಳೂ ಇದ್ದವು. ಪೊಲೀಸರ ಟವರ್ ಗುಡ್ಡದ ಮೇಲೆ, ಮೈಲಿಗಟ್ಟಲೆ ದೂರ. ಮೊಬೈಲ್ ಆಂಟೆನಾ ಬೀದಿಯ ತಿರುವಿನಲ್ಲಿ. ತಮಟೆಯ ಪಕ್ಕ ನಿಂತವನಿಗೆ ಊರಾಚೆಯ ಕೂಗು ಕೇಳುವುದುಂಟೇ? ಇನ್ನೊಂದು ಕೀಟಲೆಯೂ ಇತ್ತು. 862 ಮತ್ತು 858 ಮೆಗಾಹರ್ಟ್ಸ್‌ನ ಎರಡು ಪ್ರಬಲ ಸಿಗ್ನಲ್‌ಗಳು ವಾಕಿಟಾಕಿಯೊಳಗೆ ಬೆರೆತರೆ, 862ರ ಎರಡರಷ್ಟರಿಂದ 858 ಕಳೆದು 866ರಲ್ಲಿ ಮೂರನೆಯದೊಂದು ಹುಟ್ಟುತ್ತದೆ. 866ರಿಂದ 869 ಆಗ ಪೊಲೀಸ್, ಅಗ್ನಿಶಾಮಕದಂಥ ಸಾರ್ವಜನಿಕ ಸುರಕ್ಷತೆಗೆ ಮೀಸಲಾಗಿದ್ದ ಜಾಗ. ಯಾರೂ ನಿಯಮ ಮುರಿದಿರಲಿಲ್ಲ, ಆದರೂ ತೊಂದರೆ ತಪ್ಪಲಿಲ್ಲ. ಪರಿಹಾರವಾಗಿ ಸುರಕ್ಷತೆಯ ಚಾನೆಲ್‌ಗಳನ್ನು 15 ಮೆಗಾಹರ್ಟ್ಸ್ ಕೆಳಗೆ, 851ರಿಂದ 854ಕ್ಕೆ ಇಳಿಸಲಾಯಿತು. ಮೊಬೈಲ್‌ಗೆ 862ರ ಮೇಲಿನ ಭಾಗ. ವೆಚ್ಚ ನೆಕ್ಸ್‌ಟೆಲ್‌ನದು, ಬದಲಿಗೆ ಅದಕ್ಕೆ 1.9 ಗಿಗಾಹರ್ಟ್ಸ್‌ನಲ್ಲಿ 10 ಮೆಗಾಹರ್ಟ್ಸ್ ಸಿಕ್ಕಿತು.

ಟವರಿನ ಕೆಲಸ ನನಗೆ ಇಷ್ಟ. ಬುಡದ ಕೊಠಡಿಯಲ್ಲಿ ಹತ್ತು ಟ್ರಾನ್ಸ್‌ಮಿಟರ್‌ಗಳಿದ್ದರೂ ಮೇಲಿರುವುದು ಒಂದೇ ಆಂಟೆನಾ. ಹತ್ತನ್ನೂ ಅದಕ್ಕೆ ಕೂಡಿಸುವುದು ಕಂಬೈನರ್. ಅದರಲ್ಲಿ ಪ್ರತಿ ಚಾನೆಲ್‌ಗೂ ಒಂದು ಕ್ಯಾವಿಟಿ, ಅಂದರೆ ಹಾಲಿನ ಕ್ಯಾನಿನಂಥ ಲೋಹದ ಡಬ್ಬಿ, ಅದರೊಳಗೆ ಜರುಗುವ ಒಂದು ಸರಳು. ಸರಳಿನ ಉದ್ದ ಹೆಚ್ಚುಕಡಿಮೆ ಆ ಚಾನೆಲ್ಲಿನ ಕಾಲು ತರಂಗಾಂತರದಷ್ಟಿರಬೇಕು. 866 ಮೆಗಾಹರ್ಟ್ಸ್‌ನ ಕಾಲು ತರಂಗಾಂತರ ಸುಮಾರು 86.5 ಮಿಲಿಮೀಟರ್, 851ರದ್ದು 88. ಆಯೋಗದ ಆದೇಶ, ವಕೀಲರ ಪತ್ರ, ಹದಿನಾರು ವರ್ಷ ಎಲ್ಲವೂ ಕೊನೆಗೆ ಆ ಸರಳನ್ನು ಒಂದೂವರೆ ಮಿಲಿಮೀಟರ್ ಒಳಗೆ ತಳ್ಳುವಲ್ಲಿಗೆ ಬಂದು ನಿಲ್ಲುತ್ತವೆ. ತಳ್ಳುವುದೇನೋ ಸುಲಭ, ನಿಲ್ಲಿಸುವುದು ಕಷ್ಟ. ಮೀಟರಿನಲ್ಲಿ, ಆಂಟೆನಾದತ್ತ ಹೋಗದೆ ಹಿಂದಿರುಗುವ ಶಕ್ತಿ ಸೊನ್ನೆಯ ಹತ್ತಿರ ಬಂತು ಎಂದು ನಟ್ಟು ಬಿಗಿದರೆ, ಬಿಗಿಯುವ ಹೊತ್ತಿಗೇ ಸರಳು ಕೂದಲೆಳೆ ಕದಲಿ ಮುಳ್ಳು ಮತ್ತೆ ಏರುತ್ತದೆ. ಅದು ಎಷ್ಟು ಕದಲೀತು ಎಂದು ಅಂದಾಜಿಸಿ ಮೊದಲೇ ಅಷ್ಟು ಅತ್ತ ಇಟ್ಟುಕೊಂಡು ಬಿಗಿಯಬೇಕು. ಇದನ್ನು ಯಾವ ಕೈಪಿಡಿಯೂ ನನಗೆ ಹೇಳಿಕೊಡಲಿಲ್ಲ. ಕರೆಗಳು ಕಡಿಮೆ ಇರುವ ನಡುರಾತ್ರಿ ಶುರು ಮಾಡಿ, ಒಂದೊಂದೇ ಚಾನೆಲ್ ನಿಲ್ಲಿಸಿ, ಬೆಳಗಿನ ಪಾಳಿಯವರು ಬರುವಷ್ಟರಲ್ಲಿ ಮುಗಿಸುತ್ತಿದ್ದೆವು.

ಆದರೆ ಆ ಒಂದು ರಾತ್ರಿಗೆ ಮೊದಲು ಊರಿನ ಪ್ರತಿ ರೇಡಿಯೊ ನಮ್ಮ ಕೈ ಹಾದು ಹೋಗಿರಬೇಕು. ಮೊದಲ ಸುತ್ತಿನಲ್ಲಿ ಹಳೆಯ ಫ್ರೀಕ್ವೆನ್ಸಿಗಳ ಪಟ್ಟಿಯ ಜೊತೆಗೇ ಹೊಸದನ್ನೂ ತುಂಬುತ್ತೇವೆ. ಟವರ್ ಬದಲಾದ ಮೇಲೆ ಎರಡನೆಯ ಸುತ್ತಿನಲ್ಲಿ ಹಳೆಯದನ್ನು ತೆಗೆಯುತ್ತೇವೆ. ಪೊಲೀಸರದ್ದು ಲೆಕ್ಕಕ್ಕೆ ಸಿಗುತ್ತದೆ. ಶಾಲಾ ಬಸ್ಸಿನದ್ದು, ನೀರು ಸರಬರಾಜಿನವರದ್ದು, ಬೀದಿನಾಯಿ ಹಿಡಿಯುವವರದ್ದು? ನಿವೃತ್ತರಾದ ಅಧಿಕಾರಿಯ ಮೇಜಿನ ಡ್ರಾಯರಿನಲ್ಲಿ ಚಾರ್ಜರ್ ಸಮೇತ ಎರಡು ಸಿಕ್ಕದ್ದುಂಟು.

ರೇಡಿಯೊ ಅಲ್ಲದ ವಸ್ತುಗಳೂ ಕಾಡುತ್ತವೆ. ಒಂದು ಜೈಲಿನ ನೆಲಮಾಳಿಗೆಯಲ್ಲಿ, ಟವರ್ ಬದಲಾದ ಮರುದಿನ ಕಾವಲುಗಾರರ ವಾಕಿಟಾಕಿಗಳು ಮೂಕವಾದವು. ಮೆಟ್ಟಿಲು ಹತ್ತಿದರೆ ಸರಿ, ಇಳಿದರೆ ಇಲ್ಲ. ಸುಳ್ಳು ಚಾವಣಿಯ ಹಲಗೆ ಸರಿಸಿದಾಗ ಕಂಡದ್ದು ಧೂಳು ಹಿಡಿದ ಸಿಗ್ನಲ್ ಬೂಸ್ಟರ್. ಕಟ್ಟಡ ಕಟ್ಟಿದವರು ಹಾಕಿ ಹೋದದ್ದು. ರೇಡಿಯೊ ವಿಭಾಗದ ಯಾವ ಪಟ್ಟಿಯಲ್ಲೂ ಇರಲಿಲ್ಲ. ಅದರ ಫಿಲ್ಟರ್ 866ರಿಂದ 869ಕ್ಕೆ ಮಾತ್ರ ದಾರಿ ಬಿಡುತ್ತಿತ್ತು. ಹೊಸ ಫಿಲ್ಟರ್ ಬರುವವರೆಗೆ ಮೆಟ್ಟಿಲ ಬಾಯಲ್ಲಿ ಒಬ್ಬ ಕಾವಲುಗಾರ ನಿಂತು ಕೆಳಗಿನ ಮಾತನ್ನು ಮೇಲಕ್ಕೆ ದಾಟಿಸುತ್ತಿದ್ದ.

ಬಿಟ್ಟುಹೋದ ರೇಡಿಯೊ ತಾನಾಗಿ ಕೂಗಿ ಹೇಳುವುದಿಲ್ಲ ಎಂಬುದೇ ದೊಡ್ಡ ಪೇಚು. ಕೆಲವೇ ಚಾನೆಲ್‌ಗಳನ್ನು ಎಲ್ಲರಿಗೂ ಸರದಿಯಂತೆ ಹಂಚುವ ಟ್ರಂಕಿಂಗ್ ವ್ಯವಸ್ಥೆಯಲ್ಲಿ ವಾಕಿಟಾಕಿ ಮೊದಲು, ಆ ಹಂಚಿಕೆಯ ಸೂಚನೆ ಕೊಡುವ ಟವರಿನ ಕಂಟ್ರೋಲ್ ಚಾನೆಲ್ ಕೇಳಿಸಿಕೊಳ್ಳಬೇಕು, ಆಮೇಲಷ್ಟೇ ಬಾಯಿ ಬಿಡುತ್ತದೆ. ಆ ಚಾನೆಲ್ಲೇ ಸಿಗದಿದ್ದರೆ ಗುಂಡಿ ಒತ್ತಿದವನಿಗೆ ಕುಂಯ್ ಎಂಬ ಸದ್ದು ಕೇಳಿಸುತ್ತದೆ, ನಮಗೆ ಏನೂ ಕೇಳಿಸುವುದಿಲ್ಲ. ಹಳೆಯ ಫ್ರೀಕ್ವೆನ್ಸಿಯಲ್ಲಿ ಕಿವಿಯಿಟ್ಟು ಕೂತರೂ ಪ್ರಯೋಜನವಿಲ್ಲ. ಹಾಗಾಗಿ ವ್ಯವಸ್ಥೆಯ ದಾಖಲೆಯಲ್ಲಿ ಇತ್ತೀಚೆಗೆ ಮಾತನಾಡಿದ ಪ್ರತಿ ರೇಡಿಯೊದ ಗುರುತಿನ ಸಂಖ್ಯೆಯನ್ನು ತೆಗೆದು, ನಾವು ಕೈಯಾಡಿಸಿದವುಗಳ ಪಟ್ಟಿಯೊಂದಿಗೆ ತಾಳೆ ನೋಡುತ್ತೇವೆ.

ಉತ್ತರದ ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಸೆಪ್ಟೆಂಬರ್‌ನಲ್ಲಿ ಟವರ್ ಬದಲಿಸುವ ಮೊದಲು ನಾನು ಹಿಂದಿನ 90 ದಿನಗಳ ದಾಖಲೆ ತೆಗೆಸಿದೆ. ಒಂದೂ ಸಂಖ್ಯೆ ತಪ್ಪದೆ ತಾಳೆಯಾಯಿತು, ಒಳಗೊಳಗೇ ಬೀಗಿದೆ. ಡಿಸೆಂಬರ್‌ನಲ್ಲಿ ಮೊದಲ ಹಿಮ ಬಿದ್ದ ಬೆಳಗಿನ ಜಾವ ರಸ್ತೆ ವಿಭಾಗದ ಚಾಲಕನೊಬ್ಬ ಮೊಬೈಲಿನಿಂದ ಕರೆ ಮಾಡಿದ. ‘ನಮ್ಮ ರೇಡಿಯೊ ಸತ್ತಿದೆ ಸರ್, ಆರೂ ಲಾರಿಗಳದ್ದು.’ ಹಿಮ ಸರಿಸುವ ಲಾರಿಗಳು. ಅವು ಕೊನೆಯ ಬಾರಿ ಮಾತನಾಡಿದ್ದು ಮಾರ್ಚ್‌ನಲ್ಲಿ. ನನ್ನ 90 ದಿನ ಶುರುವಾದದ್ದು ಜೂನ್‌ನಲ್ಲಿ. ಉಪ್ಪಿನ ರಾಶಿಯ ಪಕ್ಕದ ಶೆಡ್‌ನಲ್ಲಿ, ಎಂಜಿನ್ ಆರಿಸದೆ ಸಾಲಾಗಿ ನಿಂತ ಲಾರಿಗಳೊಳಗೆ ಒಂದೊಂದಾಗಿ ಹತ್ತಿ, ಮರಗಟ್ಟಿದ ಬೆರಳಿನಲ್ಲಿ ಕೇಬಲ್ ಸಿಕ್ಕಿಸಿದೆ. ಆರನೆಯದು ಮುಗಿಯುವಾಗ ಒಂಬತ್ತು ಗಂಟೆ. ಈಗ ದಾಖಲೆ ಕೇಳುವಾಗ ಹದಿಮೂರು ತಿಂಗಳದ್ದು ಕೇಳುತ್ತೇನೆ.